ಮಸ್ಕೋವಿ ಬಾತು: ಸದ್ದು ಕಡಿಮೆ, ಅಗತ್ಯ ಹೆಚ್ಚು

ಭಾರತದಲ್ಲಿ ಸಾಕುವ ಬಾತುಕೋಳಿಗಳಲ್ಲಿ ಹೆಚ್ಚಿನವು ಮಲ್ಲಾರ್ಡ್ ಎಂಬ ಕಾಡುಬಾತಿನ ಸಂತತಿಯವು; ಮಸ್ಕೋವಿ ಬಾತು ಮಾತ್ರ ಆ ವಂಶಕ್ಕೆ ಸೇರದ, ಕೈರಿನಾ ಮಸ್ಕಾಟಾ ಎಂಬ ವೈಜ್ಞಾನಿಕ ಹೆಸರಿನ ಬೇರೆಯೇ ಪ್ರಭೇದವಾಗಿದೆ. ಹೆಸರು ಮಾಸ್ಕೋ ನಗರವನ್ನು ನೆನಪಿಸಿದರೂ ಇದರ ಮೂಲನೆಲೆ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಾಗಿದ್ದು, ಅಲ್ಲಿಯ ಮೂಲನಿವಾಸಿಗಳು ಕೊಲಂಬಸನ ಆಗಮನಕ್ಕೂ ಮೊದಲೇ ಪಳಗಿಸಿದ್ದ ಈ ಹಕ್ಕಿಯು 16ನೆಯ ಶತಮಾನದಲ್ಲಿ ಯುರೋಪನ್ನು ತಲುಪಿ, ಮುಂದೆ ಏಷ್ಯಾದ ದೇಶಗಳಿಗೂ ಹರಡಿತು. ಮರದ ಕೊಂಬೆಯ ಮೇಲೆ ಕುಳಿತು ರಾತ್ರಿ ಕಳೆಯುವುದು ಇದರ ಹುಟ್ಟುಗುಣವಾದ್ದರಿಂದ, ಈಜಲು ನೆರವಾಗುವ ಜಾಲಪಾದದ ಜೊತೆಗೆ ಹಿಡಿತಕ್ಕೆ ಬೇಕಾದ ಚೂಪಾದ ಉಗುರುಗಳೂ ಇದಕ್ಕಿವೆ. ಕೊಕ್ಕಿನ ಬುಡದಿಂದ ಕಣ್ಣಿನ ಸುತ್ತಲೂ ಹಬ್ಬುವ, ಗಂಟುಗಂಟಾದ ಕೆಂಪು ಚರ್ಮವು ಇದನ್ನು ಗುರುತಿಸುವ ಸುಲಭ ಲಕ್ಷಣವಾಗಿದೆ.

ಸಾಕಣೆಯ ದೃಷ್ಟಿಯಿಂದ ಇದರ ಮೊದಲ ಗುಣ ಮೌನ. ಗಂಡು ಬುಸುಗುಟ್ಟುತ್ತದೆ, ಹೆಣ್ಣು ಮೆಲುದನಿಯಲ್ಲಿ ಕುಂಯ್‌ಗುಡುತ್ತದೆ. ಉಳಿದ ಬಾತುಗಳಂತೆ ದಿನವಿಡೀ ಕೂಗುವುದಿಲ್ಲ. ಎರಡನೆಯದು ಮಾಂಸ: ಗಂಡು ಸುಮಾರು 5 ಕಿಲೋ ತೂಗಿದರೆ ಹೆಣ್ಣು ಅದರ ಅರ್ಧದಷ್ಟು ತೂಗುತ್ತದೆ, ಮತ್ತು ಮಾಂಸದಲ್ಲಿ ಕೊಬ್ಬಿನ ಅಂಶ ಪೆಕಿನ್ ತಳಿಗಿಂತ ಕಡಿಮೆಯಿರುವುದರಿಂದ ಫ್ರಾನ್ಸ್‌ನಲ್ಲಿ ‘ಬಾರ್ಬರಿ’ ಎಂಬ ಹೆಸರಿನಿಂದ ಇದಕ್ಕೆ ದೊಡ್ಡ ಮಾರುಕಟ್ಟೆಯಿದೆ. ಮೂರನೆಯದು ತಾಯ್ತನ: ಮೊಟ್ಟೆಯಿಡುವುದಕ್ಕಾಗಿಯೇ ಬೆಳೆಸಿದ ತಳಿಗಳು ಕಾವಿಗೆ ಕೂರುವ ಸ್ವಭಾವವನ್ನು ಬಹುಮಟ್ಟಿಗೆ ಕಳೆದುಕೊಂಡಿರುವಾಗ, ಮಸ್ಕೋವಿ ಹೆಣ್ಣು ಹನ್ನೆರಡು ಹದಿನೈದು ಮೊಟ್ಟೆಗಳ ಮೇಲೆ ತಾನೇ ಕುಳಿತು, ಸಾಮಾನ್ಯ ಬಾತಿಗೆ ಸಾಕಾಗುವ 28 ದಿನಗಳ ಬದಲು 35 ದಿನ ಕಾವು ಕೊಟ್ಟು ಮರಿ ಮಾಡುತ್ತದೆ, ಹೀಗಾಗಿ ಕಾವುಯಂತ್ರವಿಲ್ಲದ ಮನೆಯಲ್ಲಿಯೂ ಹಿಂಡು ಬೆಳೆಯುತ್ತದೆ. ನೊಣ, ಹುಳು, ಬಸವನಹುಳುಗಳನ್ನು ಹುಡುಕಿ ತಿನ್ನುವುದು ನಾಲ್ಕನೆಯ ಗುಣವಾಗಿದ್ದು, ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಅಧ್ಯಯನವು ಜಾನುವಾರುಗಳ ಕೊಟ್ಟಿಗೆಯಲ್ಲಿ ಈ ಬಾತುಗಳು ಮನೆನೊಣವನ್ನು ಹತೋಟಿಗೆ ತರಲು ನೆರವಾಗುತ್ತವೆಂದು ತೋರಿಸಿತು.

ಕೊರತೆಗಳು ಇದೇ ಗುಣಗಳ ಬೆನ್ನಿಗೇ ಬರುತ್ತವೆ. ಮೇಲಿಂದ ಮೇಲೆ ಕಾವಿಗೆ ಕೂರುವ ಹಕ್ಕಿ ಆ ದಿನಗಳಲ್ಲಿ ಮೊಟ್ಟೆಯಿಡುವುದಿಲ್ಲವಾದ್ದರಿಂದ, ಉತ್ತಮ ಪಾಲನೆಯಲ್ಲಿ ವರ್ಷಕ್ಕೆ 300ರ ಸಮೀಪಕ್ಕೆ ಹೋಗುವ ಖಾಕಿ ಕ್ಯಾಂಪ್‌ಬೆಲ್ ತಳಿಯೊಡನೆ ಇದನ್ನು ಹೋಲಿಸಲಾಗದು. ಮೊಟ್ಟೆಯ ವ್ಯಾಪಾರವೇ ಗುರಿಯಾದವರು ಮಸ್ಕೋವಿಯನ್ನು ಆರಿಸದಿರುವುದು ಲೇಸು. ಗಂಡುಗಳು ತಮ್ಮತಮ್ಮಲ್ಲಿ ಕಾದಾಡುತ್ತವೆ, ಉಗುರಿನಿಂದ ಸಾಕಿದವರ ಕೈಯನ್ನೂ ಗೀರುತ್ತವೆ. ಹಗುರವಾದ ಹೆಣ್ಣುಗಳು ಬೇಲಿಯನ್ನು ದಾಟಿ ಹಾರಬಲ್ಲವು. ಸಾಮಾನ್ಯ ಬಾತುಗಳೊಡನೆ ಬೆರೆತು ಹುಟ್ಟುವ ಮಿಶ್ರಸಂತತಿಯು ಹೇಸರಗತ್ತೆಯಂತೆ ಬಂಜೆಯಾಗಿರುತ್ತದೆ. ಬಾತು ಪ್ಲೇಗ್ ಎಂಬ ವೈರಸ್ ರೋಗಕ್ಕೆ ಇದು ಸುಲಭವಾಗಿ ತುತ್ತಾಗುವುದರಿಂದ ಲಸಿಕೆ ಅವಶ್ಯಕ. ಬೂಷ್ಟು ಹಿಡಿದ ಶೇಂಗಾ ಹಿಂಡಿ ಅಥವಾ ಮೆಕ್ಕೆಜೋಳದಲ್ಲಿ ಉಂಟಾಗುವ ಅಫ್ಲಾಟಾಕ್ಸಿನ್ ಎಂಬ ಶಿಲೀಂಧ್ರ ವಿಷವನ್ನು ಬಾತುಮರಿಗಳು ಕೋಳಿಮರಿಗಳಿಗಿಂತಲೂ ಕಡಿಮೆ ತಾಳಿಕೊಳ್ಳುವುದರಿಂದ, ಮಳೆಗಾಲದಲ್ಲಿ ಮೇವಿನ ಚೀಲವನ್ನು ಒಣಗಿದ ಜಾಗದಲ್ಲಿಡುವುದೇ ಅರ್ಧ ಚಿಕಿತ್ಸೆ.

ಮುಂಬೈಯ ಪರೇಲ್‌ನಂತಹ ಬಡಾವಣೆಯಲ್ಲಿ ಈ ಲೆಕ್ಕ ಹೇಗೆ ಬದಲಾಗುತ್ತದೆಂಬುದು ವಿಚಾರಾರ್ಹವಾಗಿದೆ. ಹತ್ತಿಗಿರಣಿಗಳ ಕಾಲದ ಚಾಳುಗಳೂ ಅವುಗಳ ನೆತ್ತಿಯ ಮೇಲೆದ್ದ ಗಗನಚುಂಬಿಗಳೂ ಒತ್ತೊತ್ತಾಗಿ ನಿಂತಿರುವಲ್ಲಿ, ಗೋಡೆಗೆ ಗೋಡೆ ತಾಗಿದ ನೆರೆಹೊರೆಗೆ ಸದ್ದಿಲ್ಲದ ಬಾತು ತಕ್ಕುದೆಂದು ತೋರುವುದು ಸಹಜ. ಆದರೆ ಇಲ್ಲಿಯ ನಿಜವಾದ ತೊಡಕು ಸದ್ದಿನದಲ್ಲ, ನೆಲ ಮತ್ತು ನೀರಿನದು. ರಾತ್ರಿಯ ಗೂಡಿನಲ್ಲಿ ಒಂದು ಹಕ್ಕಿಗೆ 4ರಿಂದ 5 ಚದರ ಅಡಿಯಾದರೂ ಬೇಕು, ಹಗಲಿಗೆ ಓಡಾಡುವ ಅಂಗಳ ಬೇರೆ ಬೇಕು. ಕಣ್ಣು ಮತ್ತು ಮೂಗಿನ ಹೊಳ್ಳೆಗಳನ್ನು ತೊಳೆದುಕೊಳ್ಳಲು ತಲೆ ಪೂರ್ತಿ ಮುಳುಗುವಷ್ಟು ಆಳದ ನೀರನ್ನಿಟ್ಟು, ಕದಡಿದೊಡನೆ ಬದಲಿಸಬೇಕು. ಹಿಕ್ಕೆಯಲ್ಲಿ ನೀರಿನಂಶ ಹೆಚ್ಚಿರುವುದರಿಂದ ಚಾಳಿನ ಮೊಗಸಾಲೆ ಒಂದೆರಡು ದಿನಗಳಲ್ಲಿಯೇ ನಾರತೊಡಗುತ್ತದೆ.

ಸೊಳ್ಳೆಯ ಕಾಟಕ್ಕೆ ಬಾತು ಮದ್ದೆಂಬ ನಂಬಿಕೆಯೂ ನಗರದಲ್ಲಿ ಫಲಿಸುವುದು ಕಷ್ಟ. ನಗರದ ಮಲೇರಿಯಾವನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯು ಛಾವಣಿಯ ಟ್ಯಾಂಕಿಗಳಲ್ಲಿ ಮತ್ತು ಬಾವಿಗಳಲ್ಲಿಯೂ, ಡೆಂಗಿಯ ಈಡಿಸ್ ಸೊಳ್ಳೆಯು ಹೂಕುಂಡದ ತಟ್ಟೆಯಲ್ಲಿಯೂ ಮೊಟ್ಟೆಯಿಡುತ್ತವೆಯೇ ಹೊರತು ಬಾತಿನ ಕೊಕ್ಕಿಗೆ ನಿಲುಕುವ ಹೊಂಡಗಳಲ್ಲಲ್ಲ. ಮಳೆಗಾಲದಲ್ಲಿ ಪರೇಲ್ ಬಳಿಯ ಹಿಂದ್‌ಮಾತಾ ಸುತ್ತಮುತ್ತ ನಿಲ್ಲುವ ನೀರಿಗೆ ಬಾತುಗಳನ್ನು ಬಿಡುವುದಂತೂ ಅಪಾಯಕರ. ಕೊಳೆತ ನೀರಿನಲ್ಲಿ ಬೆಳೆಯುವ ಬೊಟುಲಿಸಂ ರೋಗಾಣುವಿನ ವಿಷವು ಹಕ್ಕಿಯ ಕತ್ತನ್ನೇ ಸೋಲಿಸಿ ಕೊಲ್ಲುತ್ತದೆ.

ಇದಕ್ಕೆ ಹಕ್ಕಿಜ್ವರದ ಭಯವೂ ಸೇರುತ್ತದೆ. ಭಾರತದಲ್ಲಿ ಎಚ್5ಎನ್1 ಸೋಂಕು ಮೊದಲು ದೃಢಪಟ್ಟದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ನವಾಪುರದಲ್ಲಿ. ಸೋಂಕು ಕಂಡ ಪ್ರದೇಶದಲ್ಲಿ ರೋಗವಿಲ್ಲದ ಸಾಕುಹಕ್ಕಿಗಳನ್ನೂ ಕೊಲ್ಲಬೇಕಾಗುವುದರಿಂದ, ಒಂದು ಮನೆಯ ಹವ್ಯಾಸವು ಇಡೀ ಬಡಾವಣೆಯ ಹೊಣೆಯಾಗುತ್ತದೆ. ಹಕ್ಕಿಯನ್ನು ತರುವ ಮುನ್ನ ಪಾಲಿಕೆಯ ನಿಯಮವನ್ನೂ ಹೌಸಿಂಗ್ ಸೊಸೈಟಿಯ ಒಪ್ಪಿಗೆಯನ್ನೂ ತಿಳಿದುಕೊಳ್ಳಬೇಕಾದುದು ಇದಕ್ಕಾಗಿಯೇ. ಪಶುವೈದ್ಯದ ವಿಷಯದಲ್ಲಿ ಮಾತ್ರ ಪರೇಲ್ ಭಾಗ್ಯವಂತ: 1886ರಲ್ಲಿ ಆರಂಭವಾದ ಮುಂಬೈ ಪಶುವೈದ್ಯಕೀಯ ಕಾಲೇಜೂ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯೂ ಇಲ್ಲಿಯೇ ಇವೆ.

ಆದುದರಿಂದ ಮುಂಬೈ ಕನ್ನಡಿಗರಲ್ಲಿ ಈ ಹಕ್ಕಿಯನ್ನು ಬಯಸುವವರಿಗೆ ಸೂಕ್ತವಾದ ತಾಣವೆಂದರೆ ಊರಿನ ಮನೆಯ ತೋಟ. ಅಲ್ಲಿ ಒಂದು ಗಂಡಿಗೆ ನಾಲ್ಕೈದು ಹೆಣ್ಣುಗಳ ಹಿಂಡು ಹುಳುಹುಪ್ಪಟೆಯನ್ನು ಹೆಕ್ಕಿ ತನ್ನ ಮೇವಿನ ಒಂದು ಭಾಗವನ್ನು ತಾನೇ ಹುಡುಕಿಕೊಳ್ಳುತ್ತದೆ, ಕದಡಿದ ನೀರು ಗಿಡದ ಬುಡಕ್ಕೆ ಗೊಬ್ಬರವಾಗುತ್ತದೆ. ಚಾಳಿನಲ್ಲಿ ಕೊಳಕೆನಿಸಿದ್ದೇ ತೋಟದಲ್ಲಿ ಫಲವಾಗುತ್ತದೆ. ಬೇಡವಾದ ಹಕ್ಕಿಯನ್ನು ಕೆರೆಗೆ ಬಿಟ್ಟರಾಯಿತೆಂಬ ಆಲೋಚನೆ ಮಾತ್ರ ಎಲ್ಲಿಯೂ ಸಲ್ಲದು. ಅಮೆರಿಕದ ಫ್ಲಾರಿಡಾದಲ್ಲಿ ಹಾಗೆ ಬಿಟ್ಟ ಮಸ್ಕೋವಿಗಳು ಹೆಚ್ಚಿ ಉಪದ್ರವವಾಗಿದ್ದು, ಅಂಥ ಹಕ್ಕಿಗಳ ಹತೋಟಿಗಾಗಿ 2010ರಲ್ಲಿ ಅಲ್ಲಿಯ ಕೇಂದ್ರ ಸರ್ಕಾರವೇ ನಿಯಮ ರೂಪಿಸಬೇಕಾಯಿತು.