ಸುತ್ತಿಗೊಂದು ಹನ್ನೆರಡು: ದಾರದ ಕ್ರೋಶಾದ ಮೊದಲ ಪಾಠ

ಬೀದರ್ ಸೀಮೆಯ ಕಮಠಾಣದಂಥ ಊರಿನಲ್ಲಿ ಕ್ರೋಶಾ ಹುಡುಕಿಕೊಂಡು ಹೋಗಬೇಕಿಲ್ಲ. ರೇಷ್ಮೆ ಸೀರೆಯ ಸೆರಗಿನ ಕುಚ್ಚಿನಲ್ಲಿದೆ, ಶುಕ್ರವಾರದ ನಮಾಜಿಗೆ ಹೊರಟವರ ಬಿಳಿ ಟೋಪಿಯಲ್ಲಿದೆ, ಪಡಸಾಲೆಯ ಟಿ.ವಿ. ಮೇಲೆ ಹಾಸಿದ ದುಂಡನೆಯ ಹೊದಿಕೆಯಲ್ಲಿದೆ. ಈ ಮೂರೂ ಒಂದೇ ಕಸುಬಿನ ಕೂಸುಗಳು ಎಂಬುದು ಮಾತ್ರ ಬಹಳ ಜನಕ್ಕೆ ಹೊಳೆದಿರುವುದಿಲ್ಲ.

ಮೊದಲು ಮೂಲ ಪಾಠ, ಬೇಗ ಮುಗಿಸೋಣ. ತುದಿಯಲ್ಲಿ ಕೊಕ್ಕೆಯಿರುವ ಒಂದು ಕಡ್ಡಿ, ಒಂದು ಉಂಡೆ ದಾರ. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆಯುವುದು. ಹಾಗೆ ಸಾಲಾಗಿ ಎಳೆದರೆ ಚೈನ್. ಚೈನಿನ ಮೇಲೆ ದಾರ ಸುತ್ತದೆ ಎತ್ತಿದ ಹೊಲಿಗೆ ಗಿಡ್ಡ ಕಂಬ, ಒಮ್ಮೆ ಸುತ್ತಿ ಎತ್ತಿದರೆ ಕಂಬ, ಎರಡು ಸಲ ಸುತ್ತಿದರೆ ಉದ್ದ ಕಂಬ. ಉಣ್ಣೆಯ ಸ್ವೆಟರ್ ಹೆಣಿಗೆಯಲ್ಲಿ ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ಕಾದು ಕೂತಿರುತ್ತವೆ. ಕ್ರೋಶಾದಲ್ಲಿ ಸಾಮಾನ್ಯವಾಗಿ ಕಡ್ಡಿಯ ಮೇಲೆ ಉಳಿಯುವುದು ಒಂದೇ ಕುಣಿಕೆ. ಕೈಯಿಂದ ಕಡ್ಡಿ ಜಾರಿತೆಂದರೆ ಬಿಚ್ಚುವುದೂ ಅದೊಂದೇ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ. ಅಂದಹಾಗೆ, ಅಂಗಡಿಯಲ್ಲಿ ‘ಮೆಷಿನ್ ಕ್ರೋಶಾ ಲೇಸು’ ಎಂದು ಮೀಟರ್ ಲೆಕ್ಕದಲ್ಲಿ ಮಾರುವುದು ಯಂತ್ರದ ಬೇರೆ ಬಗೆಯ ಹೆಣಿಗೆ, ನೋಡಲಷ್ಟೇ ಕ್ರೋಶಾದಂತೆ. ಕೈಯ ಕ್ರೋಶಾವನ್ನು ಹಾಗೆಯೇ ಮಾಡಿಕೊಡುವ ಯಂತ್ರ ಕಾರ್ಖಾನೆಗಳಿಗೆ ಇನ್ನೂ ಬಂದಿಲ್ಲ.

ಇನ್ನು ದಾರ. ನಮ್ಮ ಕಡೆ ಹೆಚ್ಚಿನ ಹೆಣ್ಣುಮಕ್ಕಳು ಕಲಿಕೆ ಶುರುಮಾಡುವುದು ಕುಚ್ಚಿನ ದಾರದಿಂದ, ಯಾಕೆಂದರೆ ನಾಲ್ಕು ಕಾಸು ಬರುವುದು ಅಲ್ಲಿ. ನನ್ನ ಕೇಳಿದರೆ ಕಲಿಯಲು ಅದಕ್ಕಿಂತ ಕೆಟ್ಟ ದಾರ ಇಲ್ಲ. ಹಲವು ಎಳೆ ಜೋಡಿಸಿ ಹಿಡಿಯಬೇಕು, ಜಾರುತ್ತದೆ, ಕೊಕ್ಕೆಗೆ ಮೂರು ಎಳೆ ಸಿಕ್ಕಿ ನಾಲ್ಕನೆಯದು ಹೊರಗುಳಿಯುತ್ತದೆ. ಮಿಂಚು ಕಣ್ಣಿಗೆ ಹೊಡೆಯುವುದರಿಂದ ಯಾವುದು ಯಾವ ಹೊಲಿಗೆ ಎಂದು ಎಣಿಸಲೂ ಬಾರದು. ‘ಸಿಲ್ಕ್ ಥ್ರೆಡ್’ ಎಂದು ಚೀಟಿ ಅಂಟಿಸಿದ ಉರುಳೆಗಳಲ್ಲಿ ಹೆಚ್ಚಿನವು ರೇಯಾನ್ ಅಥವಾ ಪಾಲಿಯೆಸ್ಟರ್. ಅನುಮಾನವಿದ್ದರೆ ಗೇಣುದ್ದ ದಾರವನ್ನು ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್, ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ ಅಥವಾ ರೇಯಾನ್, ಕೂದಲು ಸುಟ್ಟ ವಾಸನೆ ಬಂದರೆ ನಿಜವಾದ ರೇಷ್ಮೆ.

ಕಲಿಯಲು ಬೇಕಾದದ್ದು ಮರ್ಸರೈಸ್ ಮಾಡಿದ ಹತ್ತಿಯ ದಾರ. ಹತ್ತಿಯ ಎಳೆ ಒಣಗಿದಾಗ ಚಪ್ಪಟೆಯಾಗಿ, ತಿರುಚಿಕೊಂಡಿರುತ್ತದೆ. 1844ರ ಸುಮಾರಿಗೆ ಇಂಗ್ಲೆಂಡಿನ ಜಾನ್ ಮರ್ಸರ್ ಎಂಬಾತ ಹತ್ತಿಬಟ್ಟೆಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿ ನೋಡಿದ. ಎಳೆಗಳು ಉಬ್ಬಿ ದುಂಡಗಾದವು, ಗಟ್ಟಿಯಾದವು, ಬಣ್ಣವನ್ನೂ ಚೆನ್ನಾಗಿ ಹೀರಿದವು. 1850ರಲ್ಲಿ ಪೇಟೆಂಟ್ ಆಯಿತಾದರೂ ಬಟ್ಟೆ ಕುಗ್ಗುತ್ತದೆಂಬ ಕಾರಣಕ್ಕೆ ವ್ಯಾಪಾರಿಗಳು ಕೈಹಾಕಲಿಲ್ಲ. 1890ರಲ್ಲಿ ಹೊರೇಸ್ ಲೋ ಎಂಬಾತ ದಾರವನ್ನು ಬಿಗಿಯಾಗಿ ಎಳೆದು ಹಿಡಿದುಕೊಂಡೇ ಸೋಡಾದಲ್ಲಿ ಅದ್ದಿದ. ಕುಗ್ಗುವುದು ನಿಂತಿತು, ಜೊತೆಗೆ ಹೊಳಪು ಬಂತು. ನಮಗೆ ಮುಖ್ಯವಾದದ್ದು ಇಷ್ಟು: ಆ ದಾರದಲ್ಲಿ ಜುಂಗು ಕಡಿಮೆ, ಆದ್ದರಿಂದ ಹೊಲಿಗೆ ಒಂದೊಂದೂ ಬೇರೆಬೇರೆಯಾಗಿ ಕಾಣುತ್ತದೆ.

ದಾರದ ನಂಬರಿನ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. 10, 20, 40, 60, 80 ಎಂದು ಏರಿದಂತೆ ದಾರ ಸಣ್ಣಗಾಗುತ್ತದೆ. ನೂಲಿನ ಗಿರಣಿಯ ಹಳೆಯ ಲೆಕ್ಕ ಇದಕ್ಕೆ ಮೂಲ: 840 ಗಜದ ಲಡಿಗಳು ಎಷ್ಟು ಕೂಡಿದರೆ ಒಂದು ಪೌಂಡ್ ತೂಗುತ್ತವೋ ಅದೇ ನೂಲಿನ ನಂಬರು. ನೂಲು ಸಣ್ಣದಾದಷ್ಟೂ ಒಂದು ಪೌಂಡಿಗೆ ಹೆಚ್ಚು ಲಡಿ ಬೇಕಲ್ಲ! ಇದರಲ್ಲೇ ಇನ್ನೊಂದು ಸ್ವಾರಸ್ಯ ಅಡಗಿದೆ. ನಂಬರು ಎರಡರಷ್ಟಾದರೆ ದಪ್ಪ ಅರ್ಧವಾಗುವುದಿಲ್ಲ. ಅರ್ಧವಾಗುವುದು ತೂಕ, ದಪ್ಪ ಅದರ ವರ್ಗಮೂಲದ ಲೆಕ್ಕದಲ್ಲಿ ಇಳಿಯುತ್ತದೆ. ಹಾಗಾಗಿ 10ಕ್ಕಿಂತ ಅರ್ಧ ದಪ್ಪದ ದಾರ ಬೇಕೆಂದರೆ 20ಕ್ಕಲ್ಲ, 40ಕ್ಕೆ ಹೋಗಬೇಕು. 20 ನಂಬರಿನ ನಮೂನೆಯನ್ನು 40ರಲ್ಲಿ ಹಾಕಿದರೆ ಹೊದಿಕೆ ಅರ್ಧವಾಗದೆ ಸುಮಾರು ಮುಕ್ಕಾಲು ಅಳತೆಗೆ ಬಂದು ನಿಲ್ಲುವುದು ಇದರಿಂದಲೇ. ಈಗಿನ ಕ್ರೋಶಾ ಉಂಡೆಗಳ ನಂಬರು ಗಿರಣಿಯ ಲೆಕ್ಕಕ್ಕೆ ಕರಾರುವಾಕ್ಕಾಗಿ ಹೊಂದುವುದಿಲ್ಲ, ಒಂದು ಕಂಪನಿಯ 20 ಇನ್ನೊಂದರ 20ಕ್ಕಿಂತ ತುಸು ದಪ್ಪ ಇರಬಹುದು. ಆದರೂ ಅಂದಾಜಿಗೆ ಈ ಲೆಕ್ಕ ಸಾಕು.

ಶುರುವಿಗೆ 10 ಅಥವಾ 20ನೇ ನಂಬರಿನ ದಾರ ತೆಗೆದುಕೊಳ್ಳಿ. ತಿಳಿ ಬಣ್ಣ, ಒಂದೇ ಬಣ್ಣ. ಕಪ್ಪು ಬೇಡ, ಸಂಜೆ ಕರೆಂಟು ಹೋದರೆ ಹೊಲಿಗೆ ಕಾಣುವುದೇ ಇಲ್ಲ. ಉದ್ದಕ್ಕೂ ಬಣ್ಣ ಬದಲಾಗುವ ದಾರವೂ ಬೇಡ, ಎಷ್ಟೇ ಚೆಂದ ಕಂಡರೂ. ಗಾಢ ಕೆಂಪನ್ನು ಬಿಳಿಯ ಜೊತೆ ಸೇರಿಸುವ ಮೊದಲು ಒದ್ದೆ ಬಿಳಿ ಬಟ್ಟೆಯಲ್ಲಿ ತಿಕ್ಕಿ ಬಣ್ಣ ಬಿಡುತ್ತದೆಯೇ ನೋಡಿ. ಒಂದು ಕೆಲಸಕ್ಕೆ ಬೇಕಾಗುವಷ್ಟನ್ನೂ ಒಟ್ಟಿಗೆ ಕೊಳ್ಳಿ, ಬಣ್ಣದ ಲಾಟ್ ನಂಬರು ಒಂದೇ ಇರಲಿ. ಬೀದರಿನ ಅಂಗಡಿಯಲ್ಲಿ ಸಿಗದೆ ಹೈದರಾಬಾದಿನ ಬೇಗಂ ಬಜಾರಿನವರೆಗೆ ಹೋಗಿ ತಂದವರಿಗೆ ಎರಡನೆಯ ಸಲ ಅದೇ ಬಣ್ಣ ಸಿಗುವ ಭರವಸೆ ಇಲ್ಲ.

ಕಡ್ಡಿ ಉಕ್ಕಿನದಿರಲಿ. 10ನೇ ನಂಬರಿನ ದಾರಕ್ಕೆ 1.5ರಿಂದ 1.75 ಮಿ.ಮೀ., 20ಕ್ಕೆ 1.25ರಿಂದ 1.5, 40ಕ್ಕೆ 1 ಮಿ.ಮೀ. ಆಸುಪಾಸು. ಕಡ್ಡಿಯ ಮೇಲೆ ಕೊರೆದ ನಂಬರು ಕಂಪನಿಗೊಂದು ಬಗೆ, ಮಿಲಿಮೀಟರ್ ಮಾತ್ರ ಎಲ್ಲೆಡೆ ಒಂದೇ, ಅದನ್ನೇ ಕೇಳಿ.

ಈಗ ನಮೂನೆಯ ಮಾತು. ಇಂಗ್ಲಿಷ್ ಪುಸ್ತಕ ಅಥವಾ ವಿಡಿಯೊ ನೋಡಿ ಕಲಿಯುವವರ ತಲೆ ಕೆಡಿಸುವ ಸಂಗತಿ ಒಂದಿದೆ: ಅಮೆರಿಕದವರ ‘ಸಿಂಗಲ್’ ಬ್ರಿಟಿಷರಿಗೆ ‘ಡಬಲ್’, ಅಮೆರಿಕದವರ ‘ಡಬಲ್’ ಬ್ರಿಟಿಷರಿಗೆ ‘ಟ್ರೆಬಲ್’. ಭಾಲ್ಕಿ, ಔರಾದ ಕಡೆ ಮರಾಠಿಯಲ್ಲಿ ಕಲಿತವರು ಪುಣ್ಯವಂತರು. ಅವರದು ಸಾಖಳಿ (ಚೈನ್), ಮುಕಾ ಖಾಂಬ (ಗಿಡ್ಡ ಕಂಬ), ಖಾಂಬ (ಕಂಬ). ಗೊಂದಲಕ್ಕೆ ಜಾಗವೇ ಇಲ್ಲ. ಎಲ್ಲಕ್ಕಿಂತ ಒಳ್ಳೆಯ ದಾರಿ ಚಿಹ್ನೆಯ ನಕ್ಷೆ ಓದುವುದು. ಜಪಾನಿನ ಪುಸ್ತಕಗಳಲ್ಲಿ ನಮೂನೆಗಳೆಲ್ಲ ಹೀಗೇ ಇರುತ್ತವೆ. ಉದ್ದನೆಯ ಸೊನ್ನೆ ಎಂದರೆ ಚೈನ್, ಗುಣಾಕಾರದ ಗುರುತು ಎಂದರೆ ಗಿಡ್ಡ ಕಂಬ, ಅಡ್ಡಗೆರೆ ಬಿದ್ದ ಕಂಬ ಎಂದರೆ ಕಂಬವೇ. ಎಷ್ಟು ಅಡ್ಡಗೆರೆಯೋ ಅಷ್ಟು ಸಲ ಕಡ್ಡಿಗೆ ದಾರ ಸುತ್ತಬೇಕು. ಓದಲು ಭಾಷೆ ಬೇಕಿಲ್ಲ, ಎಣಿಸಲು ಬಂದರೆ ಸಾಕು.

ಎಣಿಕೆ ಎಂದೆನಲ್ಲ, ಈ ಅಧ್ಯಾಯದ ಜೀವ ಇರುವುದು ಅಲ್ಲಿ. ಹೊಸಬರ ಮೊದಲ ದುಂಡು ಹೊದಿಕೆ ಒಂದೋ ಬಟ್ಟಲಾಗಿ ಮೇಲೇಳುತ್ತದೆ, ಇಲ್ಲವೇ ಕರಿದ ಹಪ್ಪಳದ ಅಂಚಿನಂತೆ ಅಲೆಅಲೆಯಾಗುತ್ತದೆ. ಕೂಡಲೇ ತೀರ್ಪು ಬರುತ್ತದೆ: ‘ದಾರ ಸರಿಯಿಲ್ಲ’, ‘ನನ್ನ ಕೈ ಬಿಗಿ’, ‘ಇಸ್ತ್ರಿ ಹೊಡೆದರೆ ಸರಿಹೋಗುತ್ತದೆ’. ಬಹುಪಾಲು ಮೂರೂ ಅಲ್ಲ. ಕಂಬಗಳ ಲೆಕ್ಕ ತಪ್ಪಿರುತ್ತದೆ.

ಶಾಲೆಯ ರೇಖಾಗಣಿತ ನೆನಪಿಸಿಕೊಳ್ಳಿ. ವೃತ್ತದ ತ್ರಿಜ್ಯ ಒಂದು ಅಳತೆ ಹೆಚ್ಚಿದರೆ ಪರಿಧಿ ಸುಮಾರು 6.28 ಅಳತೆ ಹೆಚ್ಚುತ್ತದೆ. ವೃತ್ತ ಚಿಕ್ಕದಿರಲಿ ದೊಡ್ಡದಿರಲಿ, ಹೆಚ್ಚಳ ಅಷ್ಟೇ. ಗಿಡ್ಡ ಕಂಬದ ಎತ್ತರವೂ ಅಗಲವೂ ಹೆಚ್ಚುಕಡಿಮೆ ಸಮ. ಒಂದು ಸುತ್ತು ಹಾಕಿದರೆ ತ್ರಿಜ್ಯ ಒಂದು ಹೊಲಿಗೆಯಷ್ಟು ಬೆಳೆಯಿತು, ಅಂಚಿಗೆ ಆರು ಹೊಲಿಗೆ ಹೆಚ್ಚು ಬೇಕಾಯಿತು. ಕಂಬದ ಎತ್ತರ ಅದರ ಅಗಲದ ಸುಮಾರು ಎರಡರಷ್ಟು. ಆಗ ಬೇಕಾದದ್ದು ಎರಡು ಸಲ 6.28, ಎಂದರೆ ಹನ್ನೆರಡು ಚಿಲ್ಲರೆ. ಹಾಗಾಗಿ ಮೊದಲ ಸುತ್ತಿಗೆ 12 ಕಂಬ, ಎರಡನೆಯದಕ್ಕೆ 24, ಮೂರನೆಯದಕ್ಕೆ 36, ನಾಲ್ಕನೆಯದಕ್ಕೆ 48. ನೂರಾರು ನಮೂನೆಗಳಲ್ಲಿ ಈ ಹನ್ನೆರಡು ಮತ್ತೆ ಮತ್ತೆ ಬರುವುದು ಯಾರೋ ಹೇಳಿದ ಶಾಸ್ತ್ರವಲ್ಲ, ಪೈ ಮಾಡಿದ ಕೆಲಸ!

ಹನ್ನೆರಡಕ್ಕೆ ಕಡಿಮೆ ಬಿದ್ದರೆ ಅಂಚು ಗಿಡ್ಡವಾಗಿ ಒಳಕ್ಕೆ ಎಳೆಯುತ್ತದೆ, ಬಟ್ಟಲಾಗುತ್ತದೆ. ಹೆಚ್ಚಾದರೆ ಅಂಚಿಗೆ ಜಾಗ ಸಾಲದೆ ಮಡಿಕೆ ಬೀಳುತ್ತದೆ. ಕಡಿಮೆ ಬೀಳಲು ಸಾಮಾನ್ಯ ಕಾರಣವೂ ಒಂದೇ. ಪ್ರತಿ ಸುತ್ತಿನ ಆರಂಭಕ್ಕೆ ಮೂರು ಚೈನ್ ಹಾಕಿ ಏರುತ್ತೇವೆ. ಆ ಮೂರು ಚೈನ್ ಸೇರಿ ಒಂದು ಕಂಬದ ಲೆಕ್ಕ. ಮೊದಲ ಸುತ್ತಿನಲ್ಲಿ ಮೂರು ಚೈನ್ ಜೊತೆ 11 ಕಂಬ ಹಾಕಿದರೆ 12 ಆಯಿತು. ಮುಂದಿನ ಸುತ್ತಿನಲ್ಲಿ ಆ ಚೈನಿನ ತಲೆಯೂ ಒಂದು ಹೊಲಿಗೆ ಎಂಬುದನ್ನು ಮರೆತು ಬಿಟ್ಟು ಹೋಗುತ್ತಾರೆ. ಎರಡನೆಯ ಸುತ್ತಿಗೆ 22 ಉಳಿಯುತ್ತದೆ, ಅಲ್ಲಿಂದ ಮುಂದೆ ಕೊರತೆ ಬೆಳೆಯುತ್ತಲೇ ಹೋಗುತ್ತದೆ.

ಜಾಲರಿಯ ನಮೂನೆಗೂ ಇದೇ ತಕ್ಕಡಿ. ಅಲ್ಲಿ ಕಂಬಗಳ ನಡುವೆ ಚೈನ್ ಇರುತ್ತವೆ, ಒಂದು ಚೈನಿನ ಅಗಲ ಹತ್ತಿರಹತ್ತಿರ ಒಂದು ಕಂಬದ ಅಗಲ. ಸುತ್ತಿನ ಕಂಬ, ಚೈನ್ ಎರಡನ್ನೂ ಕೂಡಿಸಿ. ಮೊತ್ತ ಸುತ್ತಿನ ಸಂಖ್ಯೆಯ ಹನ್ನೆರಡರಷ್ಟಕ್ಕೆ ಹತ್ತಿರವಿದ್ದರೆ ಹೊದಿಕೆ ಮೇಜಿನ ಮೇಲೆ ಮಲಗುತ್ತದೆ. ಅನಾನಸ್ ನಮೂನೆಯಂಥ ಕಡೆ ಒಂದೆರಡು ಸುತ್ತು ಹೆಚ್ಚುಕಡಿಮೆಯಾದರೂ ಮುಂದೆ ಸರಿತೂಗುತ್ತದೆ. ದಾರ ಕೊಳ್ಳುವ ಮೊದಲೇ ನಕ್ಷೆಯ ಮೇಲೆ ಈ ಪರೀಕ್ಷೆ ಮಾಡಬಹುದು. ಕೈಯ ಬಿಗಿಗೆ ತಕ್ಕಂತೆ ಕೆಲವರಿಗೆ ಹನ್ನೊಂದು, ಕೆಲವರಿಗೆ ಹದಿಮೂರು ಹೊಂದುವುದೂ ಉಂಟು. ನಾಲ್ಕು ಸುತ್ತಿನ ತುಣುಕು ಹಾಕಿದರೆ ನಿಮ್ಮ ಕೈಯ ಅಂಕೆ ಗೊತ್ತಾಗುತ್ತದೆ.

ಕಂಬ ಕಡಿಮೆ ಬೀಳುವ ತಪ್ಪನ್ನು ಟೋಪಿ ಹೆಣೆಯುವವರು ಬೇಕೆಂದು ಮಾಡುತ್ತಾರೆ. ತಲೆಯ ಸುತ್ತಳತೆ 56 ಸೆಂ.ಮೀ. ಇದ್ದರೆ ಅದನ್ನು 3.14ರಿಂದ ಭಾಗಿಸಿ, ನೆತ್ತಿಯ ಬಿಲ್ಲೆ 18 ಸೆಂ.ಮೀ.ಗೆ ತುಸು ಕಡಿಮೆ ಅಗಲವಾಗುವವರೆಗೆ ಹನ್ನೆರಡರ ಲೆಕ್ಕ. ಅಲ್ಲಿಗೆ ಹೆಚ್ಚಿಸುವುದು ಬಂದ್. ಮುಂದಿನ ಸುತ್ತುಗಳಿಗೆಲ್ಲ ಅಷ್ಟೇ ಕಂಬ, ಗೋಡೆ ನೆಟ್ಟಗೆ ಕೆಳಗಿಳಿಯುತ್ತದೆ. ಪೈ ಎಂಬ ಹೆಸರೇ ಕೇಳದವರ ಬೆರಳು ಇದನ್ನು ಲೀಲಾಜಾಲವಾಗಿ ಮಾಡುವುದನ್ನು ನೋಡಿದಾಗಲೆಲ್ಲ ನನಗೆ ಖುಷಿ.

ಇನ್ನೊಂದು ತುದಿಯ ತಪ್ಪನ್ನು ವಿದ್ಯೆಯಾಗಿಸಿದವರು ಲಾಟ್ವಿಯಾದಲ್ಲಿ ಹುಟ್ಟಿದ ಗಣಿತಜ್ಞೆ ಡೈನಾ ತೈಮಿನಾ. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದಾಗ ಅವರು ಪ್ರತಿ ಸಾಲಿನಲ್ಲೂ ಒಂದೇ ಅನುಪಾತದಲ್ಲಿ ಹೊಲಿಗೆ ಹೆಚ್ಚಿಸುತ್ತ ಹೋದರು. ಮಡಿಕೆ ಮಡಿಕೆಯಾಗಿ ಅರಳಿದ ಆ ತುಣುಕು, ಅಂಚು 6.28ರ ಲೆಕ್ಕ ಮೀರಿ ಬೆಳೆಯುವ ಹೈಪರ್ಬಾಲಿಕ್ ಸಮತಲದ ಗಟ್ಟಿಮುಟ್ಟಾದ ಮಾದರಿಯಾಯಿತು. ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು, ಮಡಚಿ ನೋಡಬಹುದಾಯಿತು. ಅದೇ ಉಪಾಯ ಹಿಡಿದು 2005ರಲ್ಲಿ ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ಟ್‌ಹೈಮ್ ಸೋದರಿಯರು ಕ್ರೋಶಾದ ಹವಳದಿಬ್ಬ ಹೆಣೆಯಲು ಶುರುಮಾಡಿದರು. ಹಾಳಾಯಿತೆಂದು ನೀವು ಬಿಚ್ಚಿಹಾಕುವ ಹೊದಿಕೆ ಅಲ್ಲಿ ಪ್ರದರ್ಶನಕ್ಕಿಡುವ ವಸ್ತು!

ದುಂಡಗಿನದು ಬೇಡ, ಚಿತ್ರ ಬರಬೇಕು ಎನ್ನುವವರಿಗೆ ಚೌಕಳಿ ಜಾಲರಿ. ಗ್ರಾಫ್ ಹಾಳೆಯ ತುಂಬಿದ ಚೌಕಕ್ಕೆ ಒತ್ತೊತ್ತಾಗಿ ಕಂಬ, ಖಾಲಿ ಚೌಕಕ್ಕೆ ಒಂದು ಕಂಬ ಎರಡು ಚೈನ್. ಕಸೂತಿಯ ಗೋಪುರ, ತೇರುಗಳನ್ನು ಇದಕ್ಕೆ ಇಳಿಸಬಹುದು, ಓರೆಗೆರೆಗಳು ಮಾತ್ರ ಮೆಟ್ಟಿಲಾಗುತ್ತವೆ. ಆದರೆ ಬೀದರ್ ಪಕ್ಕದ ಅಷ್ಟೂರಿನ ಗುಮ್ಮಟಗಳನ್ನು ಗ್ರಾಫಿನಲ್ಲಿ ಅಂದವಾಗಿ ಬರೆದು ಹಾಗೆಯೇ ಹೆಣೆದರೆ ಗುಮ್ಮಟ ಚಪ್ಪಟೆಯಾಗುತ್ತದೆ. ಮೇಲಿನ ಲೆಕ್ಕವನ್ನೇ ಹಚ್ಚಿ: ಚೌಕದ ಅಗಲ ಮೂರು ಹೊಲಿಗೆ, ಎತ್ತರ ಎರಡೇ. ಖಾಲಿ ಚೌಕಕ್ಕೆ ಒಂದು ಕಂಬ ಒಂದು ಚೈನ್, ತುಂಬಿದ್ದಕ್ಕೆ ಎರಡು ಕಂಬ ಎಂದು ಬದಲಿಸಿದರೆ ಚೌಕ ಹೆಚ್ಚುಕಡಿಮೆ ಚೌಕವೇ ಆಗುತ್ತದೆ.

ಸಂಪಾದನೆಯ ಆಸೆಯಿಂದ ಕಲಿಯುವವರು ಗಂಟೆಗಳನ್ನೂ ಎಣಿಸಬೇಕು. ಆಂಧ್ರದ ನರಸಾಪುರದಲ್ಲಿ 19ನೇ ಶತಮಾನದಲ್ಲಿ ಮಿಷನರಿಗಳು ತಂದ ಕ್ರೋಶಾ ಲೇಸು ದೊಡ್ಡ ರಫ್ತು ಉದ್ಯಮವಾಯಿತು. ಹೆಣೆಯುವವರನ್ನು ‘ಬಿಡುವಿನ ವೇಳೆ ಕಳೆಯುವ ಗೃಹಿಣಿಯರು’ ಎಂದು ಕರೆದು ಎಷ್ಟು ಕಡಿಮೆ ಕೂಲಿ ಕೊಡಲಾಗುತ್ತಿತ್ತೆಂದು ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರ ತಮ್ಮ ಪುಸ್ತಕದಲ್ಲಿ ಬಿಡಿಸಿಟ್ಟರು. ಕುಚ್ಚಿಗೆ ದರ ಹೇಳುವಾಗ ದಾರ, ಮಣಿಗಳ ಖರ್ಚಿಗೆ ಕೂತ ಹೊತ್ತಿನ ಕೂಲಿ ಸೇರಿಸದವರು ನಮ್ಮಲ್ಲೂ ಬೇಕಾದಷ್ಟು ಜನ.

ಕೊನೆಗೊಂದು ಬೇಡಿಕೆ, ಮುಖ್ಯವಾಗಿ ಗಣಿತದ ಮೇಷ್ಟ್ರುಗಳಿಗೆ. ನಮ್ಮ ಸೀಮೆಯ ಟೋಪಿಗಳ, ಕುಚ್ಚುಗಳ ನಮೂನೆಗಳು ಹೆಚ್ಚಾಗಿ ಬೆರಳಿನಿಂದ ಬೆರಳಿಗೆ ದಾಟಿ ಬಂದವು. ಮಕ್ಕಳಿಗೆ ಮನೆಯಿಂದ ಒಂದು ಹಳೆಯ ಟೋಪಿ ತರಲು ಹೇಳಿ. ನಡುವಿನಿಂದ ಶುರುಮಾಡಿ ಸುತ್ತು ಎಣಿಸಲಿ, ಒಂದೊಂದು ಸುತ್ತಿನ ಕಂಬ, ಚೈನ್ ಬರೆದುಕೊಳ್ಳಲಿ, ಹೆಚ್ಚಳ ಎಲ್ಲಿ ನಿಂತಿತೆಂದು ಗುರುತು ಹಾಕಲಿ, ಚಿಹ್ನೆಯ ನಕ್ಷೆ ಬಿಡಿಸಲಿ. ಹೆಣೆದವರ ಒಪ್ಪಿಗೆ ಪಡೆದು ಅವರ ಹೆಸರನ್ನು ನಕ್ಷೆಯ ಕೆಳಗೆ ಬರೆಯಲಿ. ಕಮಠಾಣ, ಭಾಲ್ಕಿ, ಔರಾದಗಳ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾವ ಹೂವು ಯಾವ ಊರಿನದು, ಯಾವುದು ಗಡಿ ದಾಟಿ ಬಂದದ್ದು ಎಂದು ಕೇಳಲು ಶುರುಮಾಡಬಹುದು.