ಬೆಂಗೇರಿಯ ಧ್ವಜಗಳೂ ಟೆಂಡರಿಲ್ಲದ ಸರ್ಕಾರಿ ಖರೀದಿಯೂ

ಸರ್ಕಾರದ ಕಛೇರಿಗಳು ತಮಗೆ ಬೇಕಾದ ಸಾಮಾನುಗಳನ್ನು ಸಾಧಾರಣವಾಗಿ ಟೆಂಡರು ಕರೆದು, ಕಡಿಮೆ ದರ ನಮೂದಿಸಿದವರಿಂದ ಕೊಳ್ಳುವುವು. ಇದರಿಂದ ಬೊಕ್ಕಸಕ್ಕೆ ಉಳಿತಾಯವಾಗುವುದು ನಿಜ. ಆದರೆ ಕೈಯಿಂದ ನೂತು ಕೈಯಿಂದ ನೇಯುವ ಚಿಕ್ಕ ಕೈಗಾರಿಕೆಯು ಗಿರಣಿಯ ದರಕ್ಕೆ ಎಂದಿಗೂ ಇಳಿಯಲಾರದು. ಆದಕಾರಣ ಕೆಲವು ಸಾಮಾನುಗಳನ್ನು ಪೈಪೋಟಿಯಿಲ್ಲದೆ, ಗೊತ್ತುಪಡಿಸಿದ ಒಂದೇ ಕಡೆಯಿಂದ ಕೊಳ್ಳುವ ಪದ್ಧತಿಯನ್ನೂ ಸರ್ಕಾರವು ಇಟ್ಟುಕೊಂಡಿದೆ. ಈ ಪದ್ಧತಿಯ ಉಪಕಾರವನ್ನೂ ಅಪಾಯವನ್ನೂ ಒಟ್ಟಿಗೆ ನೋಡಬೇಕೆಂದಿರುವವರು ಹುಬ್ಬಳ್ಳಿಯನ್ನು ಬಿಟ್ಟು ದೂರ ಹೋಗಬೇಕಾಗಿಲ್ಲ. ದೇಶಪಾಂಡೆ ನಗರದಿಂದ ಕೆಲವೇ ಮೈಲಿಗಳ ಒಳಗೆ, ಅದೇ ಊರಿನ ಬೆಂಗೇರಿಯಲ್ಲಿ, ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಧ್ವಜ ತಯಾರಿಕೆಯ ಘಟಕವಿದೆ.

ಸಂಘವು 1957ನೆಯ ಇಸವಿ ನವೆಂಬರ್ 1ರಂದು ಸ್ಥಾಪಿತವಾಯಿತು. ಧ್ವಜದ ಕೆಲಸವು 2004ರಲ್ಲಿ ಆರಂಭವಾಗಿ, 2006ರಲ್ಲಿ ಭಾರತೀಯ ಮಾನಕ ಸಂಸ್ಥೆಯ ಐಎಸ್‌ಐ ಗುರುತು ದೊರೆಯಿತು. ಅಲ್ಲಿಂದ ಬಹುಕಾಲ ಈ ಗುರುತುಳ್ಳ ರಾಷ್ಟ್ರಧ್ವಜವನ್ನು ಒದಗಿಸುವ ಏಕೈಕ ಘಟಕವೆಂದು ಬೆಂಗೇರಿಯು ದೇಶದಲ್ಲೆಲ್ಲಾ ಹೆಸರಾಯಿತು. ಇಲ್ಲಿ ದುಡಿಯುವವರಲ್ಲಿ ಬಹುಮಂದಿ ಹೆಂಗಸರು. ಹಳ್ಳಿಗಳಲ್ಲಿ ಚರಕ ತಿರುಗಿಸಿ ನೂಲು ಕೊಡುವವರಲ್ಲಿಯೂ ಹೆಂಗಸರೇ ಹೆಚ್ಚು. ಇವರಿಗೆ ಕೂಲಿಯು ದಿನಕ್ಕಲ್ಲ, ನೂತ ಲಡಿಗೆ ಇಷ್ಟೆಂದು ಸಲ್ಲುವುದು. ಬೇಡಿಕೆ ನಿಂತ ದಿನ ಚರಕವೂ ನಿಲ್ಲುವುದು, ಕೂಲಿಯೂ ನಿಲ್ಲುವುದು.

ಧ್ವಜವೆಂದರೆ ಮೂರು ಬಣ್ಣದ ಬಟ್ಟೆಯನ್ನು ಜೋಡಿಸಿ ಹೊಲಿದುದಷ್ಟೇ ಎಂದು ಭಾವಿಸುವವರುಂಟು. ಭಾರತೀಯ ಮಾನಕಗಳಲ್ಲಿ ಒಂದನೆಯ ಅಂಕೆಯನ್ನು ಪಡೆದಿರುವುದು ರಾಷ್ಟ್ರಧ್ವಜವೇ ಎಂಬುದರಿಂದ ಈ ಕೆಲಸದ ಬಿಗುವು ತಿಳಿದೀತು. ಅದರ ಮೇರೆಗೆ ಧ್ವಜಕ್ಕೆ ಒಂಬತ್ತು ಅಳತೆಗಳುಂಟು. ಅತಿ ದೊಡ್ಡದು 6300 ಮಿಲಿಮೀಟರು ಉದ್ದ, 4200 ಮಿಲಿಮೀಟರು ಅಗಲ. ಮೇಜಿನ ಮೇಲಿಡುವ ಅತಿ ಚಿಕ್ಕದು 150ಕ್ಕೆ 100. ಉದ್ದ ಅಗಲಗಳ ಪ್ರಮಾಣ ಎಲ್ಲದರಲ್ಲಿಯೂ 3ಕ್ಕೆ 2. ಹಾರುವ ಭಾಗಕ್ಕೆ ತೆಳುವಾದ ಬಂಟಿಂಗ್ ಖಾದಿ. ಹಗ್ಗವನ್ನು ಹಿಡಿಯುವ ಅಂಚಿನ ಪಟ್ಟಿಗೆ ಡಕ್ ಎಂಬ ದಪ್ಪ ಖಾದಿ. ಡಕ್ಕಿನ ನೇಯ್ಗೆ ಸಾಮಾನ್ಯ ಮಗ್ಗದವರಿಗೆ ಒಗ್ಗುವಂಥದಲ್ಲ; ಬಲ್ಲ ನೇಕಾರರು ವಿರಳ. ಧಾರವಾಡ ತಾಲ್ಲೂಕಿನ ಗರಗವು ಧ್ವಜದ ಬಟ್ಟೆಗೆ ಬೆಂಗೇರಿಗಿಂತ ಮುಂಚಿನಿಂದಲೇ ಪ್ರಸಿದ್ಧವಾದ ಊರು. ಬಟ್ಟೆಯನ್ನು ಚಲುವೆ ಮಾಡಿ, ಕೇಸರಿ ಹಸಿರುಗಳನ್ನು ಹಾಕಿ, ಬಿಳಿಯ ಪಟ್ಟಿಯ ಎರಡೂ ಮುಖಗಳಲ್ಲಿ 24 ಅರಗಳ ಚಕ್ರವನ್ನು ಒಂದರ ಬೆನ್ನಿಗೊಂದು ಸರಿಯಾಗಿ ಬೀಳುವಂತೆ ಅಚ್ಚೊತ್ತಬೇಕು. ಕೂದಲೆಳೆಯಷ್ಟು ಓರೆಯಾದರೂ ಬೆಳಕಿಗೆ ಹಿಡಿದಾಗ ಎರಡು ಚಕ್ರಗಳು ಕಾಣುವುವು. ಬಣ್ಣವು ಬಿಸಿಲಿಗೂ ನೀರಿಗೂ ನಿಲ್ಲಬೇಕು. ಎಳೆಗಳ ಲೆಕ್ಕವೂ ಹೊಲಿಗೆಯೂ ಪರೀಕ್ಷೆಗೆ ಒಳಪಡುವುವು. ಇಂಥ ಮಾಲಿಗೆ ದರವೊಂದನ್ನೇ ನೋಡಿ ಟೆಂಡರು ಕರೆಯುವುದು, ಬಿತ್ತನೆಯ ಬೀಜವನ್ನು ತೂಕವೊಂದನ್ನೇ ನೋಡಿ ಕೊಂಡಂತೆಯೇ ಸರಿ.

ಬೆಂಗೇರಿಗೆ ಗಿರಾಕಿಯನ್ನು ಕಾಯ್ದುಕೊಟ್ಟದ್ದು ಈ ಕೌಶಲವೊಂದೇ ಅಲ್ಲ. 2002ರ ಧ್ವಜ ಸಂಹಿತೆಯು ಧ್ವಜವು ಕೈನೂಲಿನ ಕೈಮಗ್ಗದ ಖಾದಿಯದೇ ಆಗಿರತಕ್ಕದ್ದೆಂದು ವಿಧಿಸಿತ್ತು. ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮಗಳಲ್ಲಿ 153ನೆಯದು, ಇಲಾಖೆಗಳಿಗೆ ಬೇಕಾದ ಖಾದಿ ಮಾಲನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಮುಖಾಂತರವೇ ಕೊಳ್ಳುವಂತೆ ಮೀಸಲಿರಿಸಿದೆ. ಕರ್ನಾಟಕದ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಅಧಿನಿಯಮವು ಸಹ, ಒಂದೇ ಕಡೆ ದೊರೆಯುವ ಸಾಮಾನಿಗೆ ಟೆಂಡರಿನಿಂದ ವಿನಾಯಿತಿ ಕೊಡುವುದು. ಆದರೆ ಅದು ನಿಜವಾಗಿ ಒಂದೇ ಕಡೆ ದೊರೆಯುವುದೋ ಎಂಬುದನ್ನು ತಜ್ಞರ ಸಮಿತಿ ನಿರ್ಣಯಿಸಬೇಕು. ಈ ಎಚ್ಚರಿಕೆ ಯುಕ್ತವಾದುದು, ಏಕೆಂದರೆ ಪೈಪೋಟಿಯಿಲ್ಲದ ಖರೀದಿಯಲ್ಲಿ ಮಧ್ಯಸ್ಥರು ಸೇರಿಕೊಳ್ಳುವುದು ಬಲು ಸುಲಭ.

ಹೆಂಗಸರೇ ಒಡೆಯರಾಗಿರುವ ಉದ್ಯಮಗಳಿಗೆ ಈ ದೇಶದಲ್ಲಿ ದೊರೆತಿರುವುದು ಬೇರೆ ಬಗೆಯ ಆಸರೆ. ಕೇಂದ್ರ ಇಲಾಖೆಗಳು ಕೊಳ್ಳುವುದರಲ್ಲಿ ನೂರಕ್ಕೆ 25 ಪಾಲನ್ನು ಕಿರು ಮತ್ತು ಸಣ್ಣ ಉದ್ಯಮಗಳಿಂದಲೂ, ಅದರೊಳಗೆ 3 ಪಾಲನ್ನು ಸ್ತ್ರೀಯರ ಉದ್ಯಮಗಳಿಂದಲೂ ಪಡೆಯಬೇಕೆಂದು 2018ರಲ್ಲಿ ಗೊತ್ತಾಯಿತು. ಇದು ಪಾಲು, ಏಕಮುಖ ಕರಾರಲ್ಲ. ಅಮೇರಿಕ ಸಂಯುಕ್ತ ಸಂಸ್ಥಾನದಲ್ಲಾದರೆ 2015ರಿಂದ ಕೆಲವು ನಿಬಂಧನೆಗಳಿಗೆ ಒಳಪಟ್ಟು ಸ್ತ್ರೀಯರ ಉದ್ಯಮವೊಂದಕ್ಕೆ ಪೈಪೋಟಿಯಿಲ್ಲದೆಯೇ ಗುತ್ತಿಗೆ ಕೊಡಬಹುದು.

2021ನೆಯ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಿಂದ ಮಾಡಿದ ಧ್ವಜಕ್ಕೂ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿ ದೊರೆಯಿತು. 2022ರ ಜುಲೈಯಲ್ಲಿ ಅಂಥ ಧ್ವಜಗಳಿಗೂ ಸರಕು ಸೇವಾ ತೆರಿಗೆಯ ವಿನಾಯಿತಿ ವಿಸ್ತರಿಸಲ್ಪಟ್ಟಿತು. ಆ ಆಗಸ್ಟಿನಲ್ಲಿ ಮನೆಮನೆಗೂ ಧ್ವಜ ಹಾರಿಸುವ ಆಂದೋಲನ ನಡೆದಾಗ, ಬೇಡಿಕೆಯು ಹಿಂದೆಂದೂ ಇಲ್ಲದಷ್ಟು ಏರಿತ್ತು. ಆದರೂ ಬೆಂಗೇರಿಯವರು ತಮ್ಮ ಕೆಲಸಕ್ಕೆ ಕುತ್ತು ಬಂದಿತೆಂದು ಬಹಿರಂಗವಾಗಿ ಪ್ರತಿಭಟಿಸಬೇಕಾಯಿತು. ಅಷ್ಟು ಕೋಟಿ ಧ್ವಜಗಳನ್ನು ಕೆಲವೇ ವಾರಗಳಲ್ಲಿ ಚರಕದಿಂದ ಒದಗಿಸಲಾಗದೆಂಬ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಹಾಗಿದ್ದರೂ ಸರ್ಕಾರಿ ಕಟ್ಟಡಗಳ ಧ್ವಜವನ್ನಾದರೂ ಖಾದಿಗೆ ಮೀಸಲಾಗಿ ಉಳಿಸಿ ಉಳಿದುದನ್ನು ತೆರೆಯಬಹುದಾಗಿತ್ತು. ಖಾದಿಯನ್ನು ಯಾರೂ ನಿಷೇಧಿಸಲಿಲ್ಲ. ಅದರ ಸುತ್ತ ಇದ್ದ ಬೇಲಿಯನ್ನು ಮಾತ್ರ ಕಿತ್ತರು, ಮತ್ತು ಬೇಲಿ ಕಿತ್ತ ಹೊಲದಲ್ಲಿ ಏನಾಗುವುದೆಂಬುದು ರೈತರಿಗೆ ಹೇಳಿ ತಿಳಿಯಬೇಕಾದುದಲ್ಲ.

ಧ್ವಜಕ್ಕೆ ನಮ್ಮ ಸೀಮೆಯ ಹತ್ತಿ ಸಲ್ಲುವುದೇ ಎಂದು ಧಾರವಾಡದ ಕರಿನೆಲದ ರೈತರು ಕೇಳುವುದುಂಟು. ಖಾದಿ ಸಂಸ್ಥೆಗಳಿಗೆ ಹಂಜಿಯು ಹೆಚ್ಚಾಗಿ ಆಯೋಗದ ಚಿತ್ರದುರ್ಗದ ಕೇಂದ್ರದಿಂದ ಬರುವುದು. ಅಲ್ಲಿ ಬೇಲುಗಳು ಬೆರೆತ ಮೇಲೆ ಯಾವ ಊರಿನ ಅರಳೆ ಯಾವ ಧ್ವಜಕ್ಕೆ ಹೋಯಿತೆಂದು ಹೇಳುವ ಉಪಾಯವಿಲ್ಲ. ಜಯಧರದಂಥ ದೇಶೀ ಹತ್ತಿಯ ಬಿತ್ತನೆಯು 2002ರಲ್ಲಿ ಬಿಟಿ ತಳಿಗಳು ಬಂದ ಬಳಿಕ ಬಹಳ ಕುಗ್ಗಿದೆ. ನೂಲುವ ಸಂಘಗಳು ಹತ್ತಿರದ ರೈತರಿಂದ ಗೊತ್ತಾದ ತಳಿಯನ್ನು ನೇರವಾಗಿ ಕೊಂಡರೆ ಎರಡೂ ಪಕ್ಷಕ್ಕೆ ಲಾಭವುಂಟು. ಆದರೆ ಅದಕ್ಕೆ ಹಂಜಿ ಮಾಡುವ ಚಿಕ್ಕ ಯಂತ್ರವು ಊರಿನಲ್ಲಿಯೇ ಇರಬೇಕು.

ಸರ್ಕಾರಿ ಇಲಾಖೆಗೆ ಮಾಲು ಒದಗಿಸಲಿಚ್ಛಿಸುವ ಸ್ತ್ರೀಯರ ಸಂಘಗಳು ಮೊದಲು ಉದ್ಯಮ್ ನೋಂದಣಿಯನ್ನು ಮಾಡಿಸತಕ್ಕದ್ದು. 2020ನೆಯ ಜುಲೈ 1ರಿಂದ ಈ ಏರ್ಪಾಡು ಜಾರಿಯಲ್ಲಿದ್ದು, ಇದಕ್ಕೆ ಶುಲ್ಕವಿಲ್ಲ. ಎರಡನೆಯದಾಗಿ, ವರ್ಷದ ಮಾಲನ್ನೆಲ್ಲಾ ಒಂದೇ ಇಲಾಖೆಯ ಆಜ್ಞೆಗೆ ಕಟ್ಟಿಹಾಕಬಾರದು. ಧ್ವಜದ ಗಿರಾಕಿಯು ಜನವರಿ ಮತ್ತು ಆಗಸ್ಟಿನ ಮುಂಚೆ ಬರುವವನು. ಉಳಿದ ತಿಂಗಳುಗಳಲ್ಲಿ ಮಗ್ಗಕ್ಕೆ ಧೋತರ, ಚಾದರ, ಅಂಗಿಯ ಬಟ್ಟೆಯ ಕೆಲಸವಿರಬೇಕು. ಮಾಲನ್ನು ಒಪ್ಪಿಸಿದ ದಿನದ ರಸೀದಿಯನ್ನು ಜೋಪಾನವಾಗಿಡಬೇಕು. 2006ರ ಅಧಿನಿಯಮದ ಪ್ರಕಾರ, ಕರಾರಿನಲ್ಲಿ ಏನೇ ಬರೆದಿದ್ದರೂ 45 ದಿನಗಳನ್ನು ಮೀರದಂತೆ ಹಣ ಸಲ್ಲಬೇಕು; ಮೀರಿದಲ್ಲಿ ರಿಸರ್ವ್ ಬ್ಯಾಂಕು ಪ್ರಕಟಿಸುವ ಬ್ಯಾಂಕ್ ದರದ ಮೂರರಷ್ಟು ಬಡ್ಡಿಯನ್ನು, ತಿಂಗಳು ತಿಂಗಳಿಗೂ ಚಕ್ರಬಡ್ಡಿಯಾಗಿ, ಕೇಳುವ ಹಕ್ಕು ಒದಗಿಸಿದವರಿಗೆ ಉಂಟು. ಕೊಂಡವರು ಸರ್ಕಾರಿ ಇಲಾಖೆಯೇ ಆಗಿದ್ದರೂ ಈ ಹಕ್ಕಿಗೆ ಲೋಪವಿಲ್ಲ.