ಹೆಸರು ಅದೇ, ವೇಗ ಬೇರೆ!

ಕಂಪ್ಯೂಟರ್ ಆಟದ ಚಿತ್ರಗಳನ್ನು ಪರದೆಗೆ ತರುವ ಭಾಗವೇ ಗ್ರಾಫಿಕ್ಸ್ ಕಾರ್ಡ್. ಅದರಲ್ಲಿ ಲೆಕ್ಕ ಮಾಡುವ ಚಿಪ್ ಒಂದು, ಚಿಪ್ಪಿಗೆ ಮಾಹಿತಿ ಒದಗಿಸುವ ಮೆಮೊರಿ ಇನ್ನೊಂದು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕ್ಯಾಷಿಯರ್ ಎಷ್ಟೇ ಚುರುಕಾಗಿದ್ದರೂ ಒಳಗಿನಿಂದ ನೋಟಿನ ಕಟ್ಟು ನಿಧಾನವಾಗಿ ಬಂದರೆ ಕೌಂಟರಿನ ಮುಂದೆ ಸಾಲು ಬೆಳೆಯುತ್ತಿತ್ತು. ಮೆಮೊರಿ ನಿಧಾನವಾದರೆ ಆಟದ ಪಾಡೂ ಅದೇ.

2017ರಲ್ಲಿ ಎನ್‌ವಿಡಿಯಾ ಕಂಪನಿ ಜಿಟಿ 1030 ಎಂಬ ಕಡಿಮೆ ಬೆಲೆಯ ಕಾರ್ಡನ್ನು ತಂದಿತು. ಅದರ ಜಿಡಿಡಿಆರ್5 ಮೆಮೊರಿ ಸೆಕೆಂಡಿಗೆ 48 ಗಿಗಾಬೈಟ್ ಮಾಹಿತಿ ಸಾಗಿಸುತ್ತಿತ್ತು. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯ ಕಾರ್ಡ್ ಬಂತು. ಇದು ಸಾಗಿಸುವುದು ಸುಮಾರು 17 ಗಿಗಾಬೈಟ್ ಮಾತ್ರ! ಎರಡರಲ್ಲೂ 2 ಜಿಬಿ ಮೆಮೊರಿ, ಬೆಲೆಯೂ ಹೆಚ್ಚುಕಡಿಮೆ ಒಂದೇ. ಹೊಸದರಲ್ಲಿ ಎಷ್ಟೋ ಆಟಗಳ ವೇಗ ಅರ್ಧಕ್ಕಿಳಿಯಿತು.

ಡಿಡಿಆರ್4 ಎಂದು ಬರೆದಿತ್ತಲ್ಲ ಎನ್ನಬಹುದು. ಆದರೆ ಹುಂಡಿಯ ಹಣ ಹಿಡಿದು ಹೋದ ಹುಡುಗನಿಗೆ ಆ ಅಕ್ಷರಗಳ ಅರ್ಥ ತಿಳಿಯಬೇಕಲ್ಲ? ವಸ್ತು ಬದಲಾದರೆ ಹೆಸರೂ ಬದಲಾಗಬೇಕು. ಅದೇ ನ್ಯಾಯದ ವ್ಯಾಪಾರ.

ಚೆಕ್ಕು ಬಂದರೆ ನಾವು ಅಂಕಿಯನ್ನೂ ಅಕ್ಷರವನ್ನೂ ತಾಳೆ ನೋಡುತ್ತಿದ್ದೆವು. ಮಕ್ಕಳೇ, ಅಜ್ಜ-ಅಜ್ಜಿಯರೇ, ಕಾರ್ಡ್ ಕೊಳ್ಳುವಾಗಲೂ ಹೆಸರಿನ ಜೊತೆಗೆ ಮೆಮೊರಿ ಯಾವುದೆಂದು ಓದಿ, ಆಮೇಲೆ ಹಣ ಎಣಿಸಿ.